ಭಾನುವಾರ ಕೂರುವ ಮುಂಚೆ ಇದೊಂದು ನೋಡಿ

ಎಲ್ಲರಿಗೂ ನಮಸ್ಕಾರ. ಕೋಲಾರ ಟೊಮೆಟೊ ಮಂಡಿ ಲೆಕ್ಕದ ನಮ್ಮ ಅಭ್ಯಾಸ ಪ್ರಾಜೆಕ್ಟಿಗೆ ನೀವು ಕಳಿಸಿದ ಸಾಫ್ಟ್‌ವೇರ್ ವಿನ್ಯಾಸದ ಚಿತ್ರಗಳನ್ನು ನೋಡಿದೆ. ಅದಕ್ಕೇ ಆಸ್ಪೆಕ್ಟ್ ಓರಿಯೆಂಟೆಡ್ ಮಾಡೆಲಿಂಗ್ ಬಗ್ಗೆ ಎರಡು ಮಾತು. ಬಾಕ್ಸ್ ಎಣಿಕೆ, ಹರಾಜು, ಪಾವತಿ ಮೂರರೊಳಗೂ ಲಾಗ್ (ಏನೇನು ನಡೆಯಿತು ಅನ್ನೋ ದಾಖಲೆ) ಬರೆಯೋದು, ಅನುಮತಿ ನೋಡೋದು ಅಂತ ಅದೇ ಸಾಲುಗಳನ್ನು ತುರುಕಿದ್ದೀರಿ. ನಾಳೆ ಲಾಗ್ ರೂಪ ಬದಲಾದರೆ ಮೂರೂ ಕಡೆ ಕೈ ಹಾಕಬೇಕು, ಒಂದು ಕಡೆ ಮರೆತೇ ಮರೆಯುತ್ತೇವೆ. ನಾನಂತೂ ಮರೆತು ಬೈಸಿಕೊಂಡವನೇ.

ಹೀಗೆ ಎಲ್ಲದರೊಳಗೂ ಹಾದುಹೋಗುವ ಕೆಲಸವನ್ನು ಬೇರೆ ತೆಗೆದಿಟ್ಟರೆ ಅದೇ ಆಸ್ಪೆಕ್ಟ್. 1997ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ (PARC) ಸಂಶೋಧನಾ ಕೇಂದ್ರದಲ್ಲಿ ಗ್ರೆಗರ್ ಕಿಕ್ಜಾಲೆಸ್ ಮತ್ತು ಜೊತೆಗಾರರು ಇದನ್ನು ಪ್ರೋಗ್ರಾಮಿಂಗಿಗೆ ತಂದರು. ಆಸ್ಪೆಕ್ಟ್ ಓರಿಯೆಂಟೆಡ್ ಮಾಡೆಲಿಂಗ್ ಅಂದರೆ ಕೋಡ್‌ಗೂ ಮುಂಚೆ, ಯುಎಂಎಲ್ (ಸಾಫ್ಟ್‌ವೇರ್ ವಿನ್ಯಾಸ ಬರೆಯುವ ಚಿತ್ರಭಾಷೆ) ಚಿತ್ರದಲ್ಲೇ ಹಾಗೆ ಬೇರ್ಪಡಿಸೋದು. ಎಲ್ಲೆಲ್ಲಿ ಸೇರಬೇಕು ಅನ್ನೋದು ಪಾಯಿಂಟ್‌ಕಟ್, ಅಲ್ಲಿ ಏನು ನಡೆಯಬೇಕು ಅನ್ನೋದು ಅಡ್ವೈಸ್, ಎರಡನ್ನೂ ಮೂಲ ಚಿತ್ರಕ್ಕೆ ನೇಯುವುದು ವೀವಿಂಗ್.

ಒಂದು ತೊಡಕಿದೆ. ಪಾಯಿಂಟ್‌ಕಟ್ ಮೆಥಡ್‌ಗಳ (ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳ) ಹೆಸರನ್ನೇ ನಂಬಿದ್ದರೆ, ಯಾರೋ ಹೆಸರು ಬದಲಿಸಿದ ದಿನ ಲಾಗ್ ಸದ್ದಿಲ್ಲದೆ ನಿಂತುಹೋಗುತ್ತೆ. ಅದಕ್ಕೇ ಹರಾಜಿನ ಲೆಕ್ಕಾಚಾರದಂಥ ಮೂಲ ಕೆಲಸವನ್ನು ಆಸ್ಪೆಕ್ಟ್‌ಗೆ ಹಾಕಬೇಡಿ.

ಶನಿವಾರ ರಾತ್ರಿಯೊಳಗೆ ಪಾವತಿ ಚಿತ್ರವೊಂದನ್ನಾದರೂ ತಿದ್ದಿ ಇಲ್ಲೇ ಹಾಕಿ. ಫೋಟೋ ಆದರೂ ಸರಿ, ಅಕ್ಷರ ಕಾಣುವ ಹಾಗಿರಲಿ.