ವಯಸ್ಸಿನ ಕಾಲಂ ನೋಡಿದೆಯಾ?

ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಬೇರೆ ಟೀಮಿನವರು ಮೊದಲು ಪೇಪರ್ ಹಾಕಿಬಿಟ್ಟರು, ನಾಲ್ಕು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು, ಪಿಎಚ್‌ಡಿ ಬಿಟ್ಟು ಬರ್ತೀನಿ ಅಂತ ಬರೆದಿದ್ದೀಯ. ಬೈಯಲ್ಲ. ಅಮೆರಿಕದ ಜೀನ್ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಹೆಸರು ನಿನಗೆ ಗೊತ್ತೇ ಇರುತ್ತೆ, ಆದರೂ ಆಕೆಯ ಕತೆ ನನ್ನ ಬಾಯಲ್ಲಿ ಒಂದ್ಸಲ ಕೇಳು.

ಕೆಲವು ಮನೆತನಗಳಲ್ಲಿ ಸ್ತನ ಕ್ಯಾನ್ಸರ್ ತಾಯಿಗೆ, ಮಗಳಿಗೆ, ಮೊಮ್ಮಗಳಿಗೆ ಬರೋದಕ್ಕೆ ಒಂದೇ ಜೀನ್ ಕಾರಣ ಇರಬಹುದು ಅಂತ ಆಕೆ 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಡುಕೋಕೆ ಹೊರಟಾಗ ನಂಬಿದವರು ಕಡಿಮೆ. ಉತ್ತರ ಸಿಕ್ಕಿದ್ದು 1990ರಲ್ಲಿ. 23 ಕುಟುಂಬ, 146 ರೋಗಿಗಳು. ಎಲ್ಲ ಮನೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸ್ಪಷ್ಟವಾಗಿ ಏನೂ ಕಾಣುತ್ತಿರಲಿಲ್ಲ. ಆಮೇಲೆ ರೋಗ ಬಂದ ವಯಸ್ಸಿನ ಪ್ರಕಾರ ಜೋಡಿಸಿದರು, ಚಿಕ್ಕ ವಯಸ್ಸಿಗೇ ಬಂದ ಮನೆಗಳು ಮೇಲೆ, ತಡವಾಗಿ ಬಂದ ಮನೆಗಳು ಕೆಳಗೆ. ಮೇಲಿನ ಮನೆಗಳಲ್ಲಿ 17ನೇ ಕ್ರೋಮೋಸೋಮಿನ (ಜೀನ್‌ಗಳು ಸಾಲಾಗಿ ಕೂತಿರೋ ದಾರ ಅಂದುಕೋ) ಒಂದು ಗುರುತು ರೋಗದ ಜೊತೆಜೊತೆಗೇ ಇಳಿದು ಬಂದಿತ್ತು. ಅದೇ ಅಂಕಿಗಳು, ಜೋಡಿಸಿದ ರೀತಿ ಮಾತ್ರ ಬೇರೆ!

ಈ ವಿಷಯ ನಮ್ಮ ಮೇಡಂ ಲ್ಯಾಬಿನಲ್ಲಿ ಹೇಳಿದಾಗ ನಾನು ರೋಗಿಯ ಅಂಗಾಂಶದ ತುಣುಕು ಕೂರಿಸಿದ ಮೇಣದ ಬ್ಲಾಕಿಗೆ ನಂಬರ್ ಬರೆಯುತ್ತಿದ್ದೆ. ಪಕ್ಕದಲ್ಲಿ ರಿಜಿಸ್ಟರ್ ತೆರೆದಿತ್ತು. ಫಾರ್ಮಿನಲ್ಲಿ ‘ವಯಸ್ಸು ಸುಮಾರು 40’ ಅಂತ ಬಂದರೆ ನಾನೂ 40 ಅಂತಲೇ ಇಳಿಸುತ್ತಿದ್ದೆ. 36 ಇರಬಹುದು, 47 ಇರಬಹುದು, ಯಾರು ಕೇಳ್ತಾರೆ ಅಂತ. ಅವತ್ತು ನಾಚಿಕೆ ಆಯ್ತು ನೋಡು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ಅನ್ನೋ ಜಾಗದಲ್ಲೂ ಬರೀ ತಾಯಿ ಕಡೆಯವರನ್ನೇ ಕೇಳುತ್ತಿದ್ದೆವು. ಈ ಜೀನ್ ಅಪ್ಪನ ಕಡೆಯಿಂದಲೂ ಬರುತ್ತೆ ಅಲ್ವಾ.

ಇನ್ನು ನಿನ್ನ ಸೋಲಿನ ವಿಷಯ. ಜೀನ್ ಇರೋದು 17ನೇ ಕ್ರೋಮೋಸೋಮಿನಲ್ಲಿ ಅಂತ ಜಾಗ ತೋರಿಸಿದ್ದು ಕಿಂಗ್, ಆದರೆ 1994ರಲ್ಲಿ ಆ ಜೀನನ್ನೇ, ಅಂದರೆ ಬಿಆರ್‌ಸಿಎ1 ಅನ್ನು, ಹಿಡಿದದ್ದು ಅಮೆರಿಕದ ಯೂಟಾ ರಾಜ್ಯದವರ ಟೀಮು. ಹೊಟ್ಟೆ ಉರಿದಿರಲ್ವಾ? ಉರಿದಿರುತ್ತೆ ಅಂತ ನನ್ನ ಲೆಕ್ಕ. ಆದರೆ ಜೀನ್ ಸಿಕ್ಕರೆ ಮುಗೀತಾ? ಅದು ಕೆಟ್ಟಿದ್ದರೆ ಯಾವ ಹೆಂಗಸಿಗೆ ಎಷ್ಟು ಅಪಾಯ ಅನ್ನೋದು ಹಾಗೇ ಉಳಿದಿತ್ತು. ಆಕೆ ಅದನ್ನು ಹಿಡಿದು ಕೂತರು, ಅದರ ಪೇಪರ್ 2003ರಲ್ಲಿ ಬಂತು.

ನಿನ್ನನ್ನು ಹಿಂದೆ ಹಾಕಿದವರ ಪೇಪರ್ ಪ್ರಿಂಟ್ ತೆಗೆದುಕೊಂಡು ಭಾನುವಾರ ಬಾ, ಲ್ಯಾಪ್‌ಟಾಪೂ ತಾ. ಅವರು ಏನನ್ನು ಕೇಳಿಲ್ಲ ಅಂತ ಪೆನ್ಸಿಲ್ ಹಿಡಿದು ಗುರುತು ಹಾಕೋಣ. ನಿನ್ನ ಸ್ಯಾಂಪಲ್‌ಗಳಲ್ಲಿ ಎಷ್ಟಕ್ಕೆ ‘ಸುಮಾರು’ ವಯಸ್ಸಿದೆ ಅಂತಲೂ ಎಣಿಸಿಕೊಂಡು ಬಾ. ಕೋಡುಬಳೆ ಮಾಡಿರ್ತೀನಿ.

ನಿನ್ನ ದೊಡ್ಡಮ್ಮ