ಬಾಬಿನ್ ಕೇಸು ದೇವರ ಮನೆಯಲ್ಲಿದೆ

ಈ ವಾರಕ್ಕೆ ಸರಿಯಾಗಿ ನಾಲ್ಕು ವರ್ಷ. ನಾಲ್ಕು ವರ್ಷದಿಂದ ನಾನು ಆಸ್ಪತ್ರೆಗೆ ಅಡ್ಮಿಟ್ ಆಗಿಲ್ಲ. ಯಾರ ಸೀರೆಯನ್ನೂ ಹಾಳು ಮಾಡಿಲ್ಲ. ದಾವಣಗೆರೆಯ ಒಂದು ಗಲ್ಲಿಯಲ್ಲಿ ಬ್ಲೌಸ್ ಹೊಲಿಯುವ ನನಗೆ ಇದು ದೊಡ್ಡ ಸಂಗತಿ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಎದುರಿಗೆ ಹೇಳೋಕೆ ಹೋದರೆ ಅಳು ಬರುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೈಪೋಲಾರ್ ಇದೆ. ಮನಸ್ಸು ಒಮ್ಮೆ ಖಿನ್ನತೆಗೆ ಇಳಿಯುತ್ತೆ, ಒಮ್ಮೆ ಮಿತಿಮೀರಿದ ಹುರುಪಿಗೆ ಏರುತ್ತೆ, ಅಂಥ ಕಾಯಿಲೆ. ಹಳೇ ಗಿರಾಕಿಗಳಿಗೆ ಅರ್ಧಂಬರ್ಧ ಗೊತ್ತು. ಪೂರ್ತಿ ಹೇಳಿಬಿಡ್ತೀನಿ.

2017ರಲ್ಲಿ ಮೊದಲು ಬಂದಿದ್ದು ಖಿನ್ನತೆ. ಗಿರಾಕಿಗಳು ಬಾಗಿಲು ತಟ್ಟಿದರೆ ಲೈಟ್ ಆರಿಸಿ ಕೂರುತ್ತಿದ್ದೆ. ಒಂದು ಹುಕ್ಸು ಹಚ್ಚೋಕೆ ಅರ್ಧ ದಿನ. ಒಬ್ಬ ಡಾಕ್ಟರು ಖಿನ್ನತೆಗೆ ಮಾತ್ರೆ ಕೊಟ್ಟರು. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ಹುರುಪಿನಲ್ಲಿ ಓಡಾಡಿದ್ದುಂಟಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುರುಪನ್ನು ಯಾರು ಕಾಯಿಲೆ ಅಂತಾರೆ? ಬೈಪೋಲಾರ್ ಇರುವವರಿಗೆ ಆ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವೊಮ್ಮೆ ಮನಸ್ಸು ಇನ್ನೊಂದು ತುದಿಗೆ ಹಾರುತ್ತದಂತೆ. ನನಗೆ ಮೂರನೇ ವಾರಕ್ಕೆ ಹಾರಿತು.

ಒಂದೇ ರಾತ್ರಿಯಲ್ಲಿ ಹನ್ನೊಂದು ಬ್ಲೌಸ್ ಹೊಲಿದೆ. ಲೈನಿಂಗ್ ಸಮೇತ. ಬೆಳಿಗ್ಗೆ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನಾಲ್ಕನೇ ದಿನ, ಬರೀ ಫಾಲ್ ಮತ್ತು ಪಿಕೊಗೆ ಅಂತ ಕೊಟ್ಟಿದ್ದ ಧಾರೆ ಸೀರೆಯ ಸೆರಗನ್ನು ಕತ್ತರಿಸಿದೆ. ಅದಕ್ಕಿಂತ ಚೆಂದದ ಡಿಸೈನು ತಲೆಗೆ ಬಂದಿತ್ತು. ತಪ್ಪು ಅಂತ ಅನ್ನಿಸಲೇ ಇಲ್ಲ. ಎಷ್ಟು ಚೆನ್ನಾಗಿದೆ ಬಂದು ನೋಡಿ ಅಂತ ಮದುಮಗಳ ತಾಯಿಗೆ ನಾನೇ ಫೋನ್ ಮಾಡಿದ್ದೆ. ಮದುವೆಗೆ ಆರು ದಿನ ಬಾಕಿ. ನಮ್ಮ ಮನೆಯವರು ಸಾಲ ಮಾಡಿ ಬೇರೆ ಸೀರೆ ಕೊಡಿಸಿದರು. ಅದೇ ವಾರ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಕಾಯಿಲೆಗೆ ಹೆಸರು ಸಿಕ್ಕಿದ್ದು ಅಲ್ಲಿ. ಆ ವಾರ್ಡಿನ ನರ್ಸಕ್ಕಂದಿರಿಗೆ ಮೊದಲ ನಮಸ್ಕಾರ. ನಾನು ಬೈದಿದ್ದನ್ನೆಲ್ಲ ಕೇಳಿಸಿಕೊಂಡು ಊಟ ಮಾಡಿಸಿದ್ದಾರೆ.

ಆಮೇಲೆ ಚೆನ್ನಾಗಿದ್ದೆ. ಚೆನ್ನಾಗಿದ್ದೀನಲ್ಲ, ಇನ್ಯಾಕೆ ಮಾತ್ರೆ ಅಂತ 2021ರಲ್ಲಿ ನಾನೇ ನಿಲ್ಲಿಸಿದೆ. ಮತ್ತೆ ಅಡ್ಮಿಟ್. ಅದರ ಕಥೆ ಬೇಡ ಬಿಡಿ.

ಆ ಸಲ ಹೊರಗೆ ಬಂದ ಮೇಲೆ ಮಾತ್ರೆಯ ಜೊತೆ ಥೆರಪಿ ಶುರುವಾಯಿತು. ಇದು ಯಾವಾಗ ಪೂರ್ತಿ ವಾಸಿಯಾಗುತ್ತೆ ಅಂತ ಮೊದಲ ದಿನವೇ ಥೆರಪಿ ಕೊಡುವ ಮೇಡಂ ಹತ್ತಿರ ಕೇಳಿದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. "ಮಷಿನ್ನಿನಲ್ಲಿ ದಾರ ಕಟ್ ಆಗೋದು ನಿಮಗೆ ಮೊದಲೇ ಗೊತ್ತಾಗುತ್ತಾ?" ಅಂತ ಕೇಳಿದರು. ಗೊತ್ತಾಗುತ್ತೆ ಮೇಡಂ, ಸದ್ದು ಬದಲಾಗುತ್ತೆ ಅಂದೆ. "ಹಾಗಾದರೆ ನಿಮ್ಮ ಸದ್ದು ಹೇಗೆ ಬದಲಾಗುತ್ತೆ, ಹೇಳಿ."

ಅದನ್ನು ಪಟ್ಟಿ ಮಾಡೋಕೆ ಐದು ವಾರ ಬೇಕಾಯಿತು. ನಾಲ್ಕೇ ಗಂಟೆ ಮಲಗಿದರೂ ಸುಸ್ತಾಗದೇ ಇರುವುದು. ಬೇಡದ ಬಣ್ಣದ ದಾರವನ್ನೆಲ್ಲ ಡಜನ್‌ಗಟ್ಟಲೆ ತರಿಸುವುದು. ಅಳತೆ ಬರೆಯದೆ ನೆನಪಿನಲ್ಲೇ ಕಟಿಂಗ್ ಮಾಡುವುದು. ಗುರುತಿಲ್ಲದವರಿಗೂ ಅರ್ಧ ಗಂಟೆ ಫೋನ್. ನನ್ನ ಕೈಯಲ್ಲೇ ಬರೆದ ಆ ಹಾಳೆ ಬೀರುವಿನ ಒಳಬಾಗಿಲಿಗೆ ಅಂಟಿಸಿದೆ. ಮೇಲೆ ಒಂದು ಸಾಲು: "ಇದನ್ನು ನನಗೆ ತೋರಿಸಿದವರ ಮೇಲೆ ನಾನು ಕೂಗಾಡಬಾರದು."

ಎರಡು ಸಲ ಕೂಗಾಡಿದ್ದೀನಿ. ಆದರೂ ತೋರಿಸಿದ ನಮ್ಮ ಮನೆಯವರಿಗೆ ಥ್ಯಾಂಕ್ಸ್.

ಥೆರಪಿ ಅಂದರೆ ಸುಮ್ನೆ ಮನಸ್ಸಿನ ಭಾರ ಇಳಿಸೋದು ಅಂದುಕೊಂಡಿದ್ದೆ. ನಮ್ಮದು ಜಾಸ್ತಿ ಟೈಮ್‌ಟೇಬಲ್ ಕೆಲಸ. ಏಳುವುದು, ದಿನದ ಮೊದಲ ಮಾತು, ಕೆಲಸ ಶುರು, ರಾತ್ರಿ ಊಟ, ಮಲಗುವುದು. ಈ ಐದೂ ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆಗಬೇಕು. ದಿನಚರಿ ತಪ್ಪಿದರೆ ನಿದ್ದೆ ಕೆಡುತ್ತೆ, ನಿದ್ದೆ ಕೆಟ್ಟರೆ ನಮ್ಮಂಥವರ ಮನಸ್ಸು ಹಳಿ ತಪ್ಪುತ್ತೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಲೆನ್ ಫ್ರಾಂಕ್ ಅನ್ನುವವರು ಬೆಳೆಸಿದ ವಿಧಾನವಂತೆ. ಆ ತಾಯಿಗೂ ನನ್ನ ನಮಸ್ಕಾರ.

ಅತ್ತೆಗೆ ಮೂಡ್ ಗೀಡ್ ಅಂದರೆ ತಲೆಗೆ ಹೋಗಲ್ಲ. ನಿದ್ದೆ ಅಂದರೆ ಗೊತ್ತು. ಅವರ ನಂಬಿಕೆ ಒಂದೇ, ಎಲ್ಲ ಅಮಾವಾಸ್ಯೆಯದ್ದೇ ಕಾಟ. ಸರಿ ಅತ್ತೆ, ನೀವೇ ಬರೆದಿಡಿ ಅಂದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ನಾನು ಎಷ್ಟು ಗಂಟೆ ಮಲಗಿದೆ ಅಂತ ಚೌಕದಲ್ಲಿ ಬರೆದರು. ಎರಡು ವರ್ಷ ಒಂದು ದಿನವೂ ಬಿಡದೆ ಬರೆದರು. ಆಮೇಲೆ ಕನ್ನಡಕ ಹಾಕಿಕೊಂಡು ಹಾಳೆ ತಿರುವಿ ತಿರುವಿ ನೋಡಿ, "ಅಮಾವಾಸ್ಯೆಗೂ ನಿನಗೂ ಸಂಬಂಧ ಇಲ್ಲ ಬಿಡವ್ವ. ಮದುವೆ ಸೀಸನ್ನಿಗೇ ನಿನ್ನ ನಿದ್ದೆ ಕೆಡೋದು" ಅಂದರು. ಮೇಡಂ ಆ ಕ್ಯಾಲೆಂಡರನ್ನು ಡಾಕ್ಟರಿಗೂ ತೋರಿಸಿದರು.

ರಾತ್ರಿ ಹತ್ತಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ಶಾಸ್ತ್ರ ಇದೆ. ಅತ್ತೆ ಬಂದು ಮಷಿನ್ನಿನಿಂದ ಬಾಬಿನ್ ಕೇಸು ತೆಗೆದು ದೇವರ ಮನೆಯಲ್ಲಿ, ಕುಂಕುಮದ ಭರಣಿ ಪಕ್ಕ ಇಡುತ್ತಾರೆ. ಅದಿಲ್ಲದೆ ಒಂದು ಹೊಲಿಗೆಯೂ ಬೀಳಲ್ಲ. ಈ ಉಪಾಯ ಯಾರೂ ನನ್ನ ಮೇಲೆ ಹೇರಿದ್ದಲ್ಲ. ಮನೆಯವರನ್ನೆಲ್ಲ ಕೂರಿಸಿದ ಒಂದು ಸಿಟ್ಟಿಂಗ್‌ನಲ್ಲಿ ನಾನೇ ಹೇಳಿದ್ದು. ಮತ್ತೆ ಏನಾದರೂ ಆದರೆ ನನ್ನ ಪರವಾಗಿ ಮಾತಾಡೋಕೆ ಅಕ್ಕನನ್ನು ನೇಮಿಸಿದ್ದೂ ನಾನೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ, ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದರೆ ಸಾಕು. ಹಾಳೆ ಅಕ್ಕನ ಹತ್ತಿರ ಇದೆ. ನನ್ನ ಎಟಿಎಂ ಕಾರ್ಡೂ ಅವಳ ಹತ್ತಿರವೇ ಇದೆ.

ಯಾವ ದೊಡ್ಡ ಖರ್ಚಿಗೂ 48 ಗಂಟೆ ಕಾಯಬೇಕು, ಇಬ್ಬರನ್ನು ಕೇಳಬೇಕು ಅಂತ ಇನ್ನೊಂದು ನಿಯಮ. ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ತಗೊಳ್ಳೋಕೆ ಅಡ್ವಾನ್ಸ್ ಕೊಡಲು ಹೊರಟಿದ್ದೆ. ಅಕ್ಕ ಬೇಡ ಅಂದಳು, ಮನೆಯವರೂ ಬೇಡ ಅಂದರು. ಎರಡು ದಿನ ಕಾದೆ. ಅಷ್ಟರಲ್ಲಿ ಆ ಜೋರು ಇಳಿಯಿತು. ನಿಜ ಹೇಳಬೇಕು ಅಂದರೆ ಈಗಲೂ ಸ್ವಲ್ಪ ಆಸೆ ಇದೆ.

ಆ ಹನ್ನೊಂದು ಬ್ಲೌಸಿನ ರಾತ್ರಿಯೂ ನೆನಪಾಗುತ್ತೆ. ಕತ್ತರಿ ತಾನಾಗೇ ಓಡುತ್ತಿತ್ತು. ಅಂಥ ಕೈ ಮತ್ತೆ ಬರಲಿಲ್ಲ. ಮನೆಯಲ್ಲಿ ಇದನ್ನು ಹೇಳಿದರೆ ಎಲ್ಲರ ಮುಖ ಸಪ್ಪಗಾಗುತ್ತೆ. ಮೇಡಂ ಮಾತ್ರ ಗಾಬರಿಯಾಗಲಿಲ್ಲ. ಅಳೋಕೆ ಬಿಟ್ಟರು. ಬೇರೆ ಎಲ್ಲದಕ್ಕಿಂತ ಇದಕ್ಕೇ ಅವರಿಗೆ ನಾನು ಋಣಿ.

ಈಗ ನಾನು ತಗೊಳ್ಳೋ ಮಾತ್ರೆ ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರು ಇದರ ಗುಣ ಬರೆದು ತಿಳಿಸಿದರು. ಮೊಬೈಲ್ ಬ್ಯಾಟರಿಯಲ್ಲೂ ಇದೇ ಇರುತ್ತೆ ಅಂತ ಮಗ ಶಾಲೆಯಲ್ಲಿ ಕಲಿತು ಬಂದ. ಅವತ್ತಿನಿಂದ ಮಾತ್ರೆ ಟೈಮಿಗೆ "ಅಮ್ಮ, ಚಾರ್ಜಿಗೆ ಹಾಕ್ಕೋ" ಅಂತಾನೆ. ಇದರಿಂದ ನನ್ನ ಕೈ ಸಣ್ಣಗೆ ನಡುಗುತ್ತೆ. ಸೂಜಿಗೆ ದಾರ ಪೋಣಿಸಿ ಕೊಡುವವನೂ ಅವನೇ. ರಾತ್ರಿ ಮಾತ್ರೆ ತಗೊಂಡು ಸರಿಯಾಗಿ 12 ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ, ಲಿಥಿಯಂ ಎಷ್ಟಿದೆ ಅಂತ ನೋಡೋಕೆ ರಕ್ತ ಕೊಡಬೇಕು. ಥೈರಾಯ್ಡ್, ಕಿಡ್ನಿಯನ್ನೂ ಆಗಾಗ ನೋಡಿಸಬೇಕು. ಬೆನ್ನು ನೋವು ಅಂತ ಇಬುಪ್ರೊಫೆನ್ ಕೇಳಿದಾಗ "ಅಕ್ಕ, ನಿಮ್ಮ ಮಾತ್ರೆ ಜೊತೆ ಇದು ಬೇಡ, ರಕ್ತದಲ್ಲಿ ಲಿಥಿಯಂ ಏರುತ್ತೆ, ಡಾಕ್ಟರನ್ನ ಕೇಳಿ" ಅಂತ ವಾಪಸ್ ಕಳಿಸಿದ ಮೆಡಿಕಲ್ ಶಾಪಿನ ತಮ್ಮ, ನಿನಗೆ ಒಂದು ಶರ್ಟ್ ಬಾಕಿ ಇದೆ.

ಕಳೆದ ವರ್ಷ ಒಂದು ರಾತ್ರಿ ಎರಡು ಗಂಟೆಗೆ ಬದುಕೇ ಬೇಡ ಅನ್ನಿಸಿತ್ತು. ಮನೆಯಲ್ಲಿ ಯಾರನ್ನೂ ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಕೊನೆಗೆ ಮನೆಯವರನ್ನು ನನ್ನ ಕೈಯಿಂದಲೇ ಎಬ್ಬಿಸಿದರು. ಆ ಹೆಣ್ಣುಮಗಳ ಹೆಸರು ಕೇಳಲಿಲ್ಲ. ದನಿ ನೆನಪಿದೆ.

ಇನ್ನು ಸೀರೆ ಕೊಟ್ಟಿದ್ದ ಆ ಅಮ್ಮ. ಎಷ್ಟೋ ವರ್ಷ ಅವರ ಬೀದಿಯಲ್ಲೇ ನಾನು ಹೋಗುತ್ತಿರಲಿಲ್ಲ. ಹೋದ ಶ್ರಾವಣದಲ್ಲಿ ಅವರೇ ಅಂಗಡಿಗೆ ಬಂದರು. ಮಗಳ ಸೀಮಂತವಂತೆ. ಹಸಿರು ಬ್ಲೌಸ್ ಪೀಸ್ ಟೇಬಲ್ ಮೇಲಿಟ್ಟು, "ಅಳತೆ ನಿನ್ನ ಹಳೇ ಪುಸ್ತಕದಲ್ಲೇ ಇರಬೇಕು ನೋಡು, ತೋಳು ಮಾತ್ರ ಸಡಿಲ ಮಾಡು" ಅಂದರು. ಅಷ್ಟೇ. ಹಳೇ ಮಾತು ಎತ್ತಲೇ ಇಲ್ಲ. ಆ ಬ್ಲೌಸಿಗೆ ಮೂರು ದಿನ ತಗೊಂಡೆ. ದುಡ್ಡು ಬೇಡ ಅಂದರೆ ಬೈದು ಕೊಟ್ಟು ಹೋದರು.

ದಿನಕ್ಕೆ ನಾಲ್ಕೇ ಬ್ಲೌಸ್ ಅಂದಾಗ ಬೇರೆ ಕಡೆ ಹೋಗದೆ ಕಾದ ಎಲ್ಲ ಗಿರಾಕಿಗಳಿಗೂ ಕೈ ಮುಗಿಯುತ್ತೇನೆ. ದೀಪಾವಳಿ ಆರ್ಡರ್ ಹಬ್ಬಕ್ಕೆ ಹದಿನೈದು ದಿನ ಮುಂಚೆ ನಿಲ್ಲಿಸುತ್ತೇನೆ. ಆಮೇಲೆ ಬಂದು ರಾತ್ರಿ ಕೂತು ಹೊಲಿದುಕೊಡು ಅನ್ನಬೇಡಿ. ಬಾಬಿನ್ ಕೇಸು ನನ್ನ ಹತ್ತಿರ ಇರಲ್ಲ.