ಬೆಳಗಾವಿಯ ಚಳಿಗೆ ಹೀಟರ್ ಬೇಡದ ಮೀನುಗಳು

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಚಳಿ ಬಿದ್ದೊಡನೆ ನಮ್ಮೂರಿನ ಬಣ್ಣದ ಮೀನಿನ ಅಂಗಡಿಗಳಲ್ಲಿ ಹೀಟರ್ ಕೇಳುವವರು ಹೆಚ್ಚುತ್ತಾರೆ. ಕಣ್ಣಿಗೆ ಹಿಡಿಸಿದ ಮೀನನ್ನು ಮೊದಲು ತಂದು, ಅದು ಮಂಕಾದ ಮೇಲೆ ನೀರು ಕಾಯಿಸಲು ಹೊರಡುವ ಈ ಕ್ರಮವೇ ತಲೆಕೆಳಗಾದದ್ದು ಎಂದು ನನಗೆ ಅನ್ನಿಸಿದೆ. ಹೀಗನ್ನಿಸಲು ನನ್ನದೇ ತಪ್ಪು ಕಾರಣ.

ಮೂರು ವರ್ಷಗಳ ಹಿಂದೆ, ಡಿಸೆಂಬರಿನಲ್ಲಿ, ಮೊಮ್ಮಗಳ ಹಟಕ್ಕೆ ಸೋತು ನಾಲ್ಕು ಏಂಜೆಲ್ ಮೀನುಗಳನ್ನು ತಂದೆ. ನೀರು ಎಷ್ಟು ಬೆಚ್ಚಗಿರಬೇಕೆಂದು ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ವಾರದೊಳಗೆ ಅವು ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತೊಟ್ಟಿಯ ಮೂಲೆ ಹಿಡಿದವು. ಎರಡು ದಿನ ಬಿಟ್ಟು ನೋಡಿದರೆ ಮೈಮೇಲೆಲ್ಲ ಸಣ್ಣ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಥರ್ಮಾಮೀಟರ್ ತಂದು ಬೆಳಗಿನ ಆರು ಗಂಟೆಗೆ ಅಳೆದಾಗ ನೀರು 18 ಡಿಗ್ರಿ ಇತ್ತು. ಏಂಜೆಲ್ ಮೀನಿಗೆ ಬೇಕಾದದ್ದು 24ರಿಂದ 28 ಡಿಗ್ರಿ ಸೆಲ್ಸಿಯಸ್. ಹೀಟರ್ ಇಳಿಬಿಟ್ಟೆ. ರಾತ್ರಿ ಕರೆಂಟ್ ಹೋದಾಗ ನೀರು ಆರುವುದು, ಬಂದಾಗ ಮತ್ತೆ ಕಾಯುವುದು ಹೀಗೆ ನಡೆದು ಚುಕ್ಕೆಗಳು ಇನ್ನಷ್ಟು ಹೆಚ್ಚಾದವು. ಕೊನೆಗೊಂದು ದಿನ ನೀರು ಬದಲಿಸುವಾಗ ಪ್ಲಗ್ ಕೀಳುವುದನ್ನು ಮರೆತು, ಮೇಲುಳಿದ ಬಿಸಿ ಗಾಜಿನ ಕೊಳವೆಗೆ ತಣ್ಣೀರು ತಾಗಿ ಹೀಟರೇ ಸೀಳಿಹೋಯಿತು. ಮೀನುಗಳಲ್ಲಿ ಒಂದೂ ಉಳಿಯಲಿಲ್ಲ.

ಆ ಚುಕ್ಕೆಗಳನ್ನು ಹುಟ್ಟಿಸುವುದು ಚಳಿಯಲ್ಲ, ಮೈಗೆ ಅಂಟುವ ಬಲು ಸಣ್ಣ ಪರೋಪಜೀವಿ. ಆದರೆ ಒಗ್ಗದ ಚಳಿಯಲ್ಲಿ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುವುದರಿಂದ ಅದಕ್ಕೆ ದಾರಿ ಸುಲಭವಾಗುತ್ತದೆ. ಮೀನಿನ ಮೈ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು, ನೀರು ಎಷ್ಟಿದೆಯೋ ಅದರ ಮೈಯೂ ಅಷ್ಟೇ. ನೀರು ತಣ್ಣಗಾದಂತೆ ಅದರ ಜೀರ್ಣಶಕ್ತಿ ತಗ್ಗುತ್ತದೆ, ಬೇಸಿಗೆಯಷ್ಟೇ ಕಾಳು ಹಾಕಿದರೆ ಉಳಿದದ್ದು ಕೊಳೆತು ಅಮೋನಿಯ ಆಗುತ್ತದೆ, ಅದನ್ನು ಕರಗಿಸಬೇಕಾದ ಫಿಲ್ಟರಿನ ಬ್ಯಾಕ್ಟೀರಿಯಾಗಳೂ ಅದೇ ಹೊತ್ತಿಗೆ ನಿಧಾನವಾಗಿರುತ್ತವೆ.

ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯ ಮನೆಗಳಲ್ಲಿ ಚಳಿಗಾಲದ ನೀರು 17, 18 ಡಿಗ್ರಿಗೆ ಇಳಿಯುವುದು ವಿಶೇಷವಲ್ಲ. ಈ ನೀರು ಹಿತವೆನಿಸುವ ಮೀನುಗಳೇ ಇವೆ. ನಾನು ಮೊದಲು ಹೆಸರಿಸುವುದು ಜೀಬ್ರಾ ಡ್ಯಾನಿಯೊ. ವಿಜ್ಞಾನಿಗಳು ಪ್ರಯೋಗಾಲಯಗಳಲ್ಲಿ ಸಾಕುವ, ಮೈಯುದ್ದಕ್ಕೂ ನೀಲಿ ಗೆರೆಗಳಿರುವ ಈ ಪುಟ್ಟ ಮೀನು ಭಾರತ, ನೇಪಾಳ, ಬಾಂಗ್ಲಾದೇಶಗಳ ಹೊಳೆಹಳ್ಳಗಳದ್ದು. ಬಿಸಿಲು ಚಳಿ ಎರಡನ್ನೂ ಕಂಡದ್ದಾದ್ದರಿಂದ 18 ಡಿಗ್ರಿಗೆ ಅದು ಹೆದರುವುದಿಲ್ಲ. ನನ್ನ ತೊಟ್ಟಿಯಲ್ಲಿರುವ ಎಂಟು ಜೀಬ್ರಾಗಳಿಗೆ ಇದು ಎರಡನೆಯ ಚಳಿಗಾಲ. ಬೆಳಿಗ್ಗೆ ನಾನು ಶಾಲು ಹೊದ್ದು ಎದುರು ಕುಳಿತರೆ ಅವು ಒಂದನ್ನೊಂದು ಅಟ್ಟಿಸಿಕೊಂಡು ಸುತ್ತುತ್ತಿರುತ್ತವೆ. ಆರಕ್ಕಿಂತ ಕಡಿಮೆ ತರಬಾರದು, ಮೇಲೆ ಮುಚ್ಚಳ ಇರಲೇಬೇಕು, ಏಕೆಂದರೆ ಇವು ಹಾರುತ್ತವೆ. ಉತ್ತರ ಭಾರತದ ರೋಸಿ ಬಾರ್ಬ್ ಕೂಡ ಇಂಥದ್ದೇ. ಗಂಡು ಮೀನಿನ ಕೆಂಪು ಚೆನ್ನಾಗಿ ಏರುತ್ತದೆ, ಆದರೆ ಗಾತ್ರ ದೊಡ್ಡದಾದ್ದರಿಂದ ಉದ್ದನೆಯ ತೊಟ್ಟಿ ಬೇಕು. ಚೀನಾದ ಗ್ವಾಂಗ್‌ಜೌ ಬಳಿಯ ಬೆಟ್ಟದ ತೊರೆಗಳಿಂದ ಬಂದು, 1932ರಲ್ಲಿ ವೈಜ್ಞಾನಿಕ ಹೆಸರು ಪಡೆದ ವೈಟ್ ಕ್ಲೌಡ್ ಎಂಬ ನಾಲ್ಕು ಸೆಂಟಿಮೀಟರಿನ ಮೀನಂತೂ ಬೆಚ್ಚನೆಯ ನೀರಿಗಿಂತ ತಂಪು ನೀರನ್ನೇ ಬಯಸುತ್ತದೆ. ಪ್ಲ್ಯಾಟಿಯೂ ಆದೀತು, ಗಪ್ಪಿಯೂ ಹೇಗೋ ನಿಭಾಯಿಸೀತು. ಫೈಟರ್, ಡಿಸ್ಕಸ್, ಏಂಜೆಲ್ ಮಾತ್ರ ಬೇಡ.

ಗೋಲ್ಡ್‌ಫಿಶ್ ಚಳಿಗೆ ಗಟ್ಟಿ ಎಂಬುದು ನಿಜ. ಆದರೆ ಅದನ್ನು ಮೇಜಿನ ಮೇಲಿನ ದುಂಡು ಗಾಜಿನ ಬಟ್ಟಲಿನಲ್ಲಿ ಇಡುವುದನ್ನು ನಾನು ಒಪ್ಪಲಾರೆ. ಗಾಳಿಯಾಡುವ ಮೇಲ್ಮೈ ಕಿರಿದು, ನೀರು ಸ್ವಲ್ಪ, ಮೀನು ಮಾಡುವ ಹೊಲಸು ಮಾತ್ರ ಬಹಳ. ಸಾಮಾನ್ಯ ಗೋಲ್ಡ್‌ಫಿಶ್ ಸರಿಯಾಗಿ ಬೆಳೆದರೆ ಗೇಣುದ್ದ ಆಗುತ್ತದೆ ಎಂಬುದನ್ನು ಬಟ್ಟಲು ಮಾರುವವರು ಹೇಳುವುದಿಲ್ಲ. ವಿಜಯಪುರ, ಬಾಗಲಕೋಟೆಯ ಓದುಗರು ಇನ್ನೊಂದು ಮಾತನ್ನು ಗಮನಿಸಬೇಕು. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಹೀಗಾಗಿ ಗೋಲ್ಡ್‌ಫಿಶ್ ಮತ್ತು ವೈಟ್ ಕ್ಲೌಡ್ ಅಲ್ಲಿ ಸೋಲುವುದು ಚಳಿಗಾಲದಲ್ಲಲ್ಲ, ಬೇಸಿಗೆಯಲ್ಲಿ. ಬೆಳಗಾವಿಯ ಸಲಹೆಯನ್ನು ಅಲ್ಲಿಯವರು ಇದ್ದಂತೆಯೇ ಅನುಸರಿಸಬಾರದು.

ಮೀನನ್ನು ಯಾವಾಗ ಕೊಳ್ಳುತ್ತೇವೆ ಎಂಬುದಕ್ಕೂ ಅಷ್ಟೇ ಮಹತ್ವವಿದೆ. ಬಣ್ಣದ ಮೀನುಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಂಥ ಸೆಕೆಯ ಕಡೆಗಳಲ್ಲಿ ಬೆಳೆದು ಬರುತ್ತವೆ. ಚಳಿಗಾಲದ ಅಧಿವೇಶನಕ್ಕೆಂದು ನಮ್ಮೂರಿಗೆ ಬರುವವರು ಸ್ವೆಟರ್ ತರುತ್ತಾರೆ, ಈ ಮೀನುಗಳಿಗೆ ಆ ಅನುಕೂಲವಿಲ್ಲ. ಡಿಸೆಂಬರಿನಲ್ಲಿ ತರುವ ಬದಲು ಸೆಪ್ಟೆಂಬರಿನಲ್ಲೇ ತಂದರೆ, ನೀರು ದಿನದಿನಕ್ಕೆ ತಂಪಾದಂತೆ ಅವೂ ನಿಧಾನವಾಗಿ ಹೊಂದಿಕೊಳ್ಳುತ್ತವೆ. ತಂದ ದಿನ ಚೀಲವನ್ನು ಅರ್ಧ ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಿಸಿ, ಆಮೇಲೆ ಮೀನನ್ನು ಬಿಡಬೇಕು. ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಬೆಳಿಗ್ಗೆ ಕೊರೆಯುತ್ತದೆ, ಮಧ್ಯಾಹ್ನ ಕಾದಿರುತ್ತದೆ. ಅದನ್ನು ನೇರವಾಗಿ ಸುರಿಯದೆ, ಬಕೆಟ್ಟಿನಲ್ಲಿ ತುಂಬಿ ಒಂದು ದಿನ ಮನೆಯೊಳಗೇ ಇಟ್ಟರೆ ಕ್ಲೋರಿನ್ನೂ ಹೋಗುತ್ತದೆ, ನೀರೂ ಕೋಣೆಯ ಹದಕ್ಕೆ ಬರುತ್ತದೆ. ಬೇಡವಾದ ಮೀನನ್ನು ಕೋಟೆ ಕೆರೆಗೆ ಬಿಡುವ ಯೋಚನೆ ಮಾತ್ರ ಯಾರೂ ಮಾಡಬಾರದು.

ತಮ್ಮ ಪತ್ರಿಕೆಯ ಮೂಲಕ ಅಂಗಡಿಯವರಲ್ಲಿ ಒಂದು ವಿನಂತಿ. ಪ್ರತಿ ತೊಟ್ಟಿಯ ಗಾಜಿನ ಮೇಲೆ ಮೀನಿನ ಹೆಸರು, ಅದು ಬೆಳೆಯುವ ಉದ್ದ, ಅದಕ್ಕೆ ಬೇಕಾದ ನೀರಿನ ಉಷ್ಣತೆ, ಈ ಮೂರನ್ನು ಕನ್ನಡದಲ್ಲಿ ಬರೆದು ಅಂಟಿಸಬೇಕು. ದರದ ಚೀಟಿಯನ್ನು ಈಗಾಗಲೇ ಅಂಟಿಸುತ್ತಿದ್ದಾರೆ, ಅದರ ಕೆಳಗೆ ಇನ್ನೆರಡು ಸಾಲಿಗೆ ಜಾಗ ಇದ್ದೇ ಇದೆ.

ಇಂತಿ,
ಒಬ್ಬ ಹಿರಿಯ ಓದುಗ
ಟಿಳಕವಾಡಿ, ಬೆಳಗಾವಿ